ಅರ್ಥ್ ಇಲ್ಲದಿದ್ದರೆ ಅನರ್ಥ!



ವಾರಾಂತ್ಯ ಬಂತೆಂದರೆ ಟ್ಯಾಂಪಿನೀಸಿನ ನಮ್ಮ ಮನೆಗಳಲ್ಲಿ ಸಂಗೀತವೋ ಸಂಗೀತ. ಒಂದು ಮನೆಯಲ್ಲಿ ಮಕ್ಕಳಿಗೆ ಊರಿನ ಗುರುಗಳಿಂದ ಆನ್‌ಲೈನ್ ಪಾಠ, ಇನ್ನೊಂದರಲ್ಲಿ ಕರೋಕೆ, ಮತ್ತೊಂದರಲ್ಲಿ ರಾಜ್ಯೋತ್ಸವದ ಹಾಡುಗಳ ರಿಹರ್ಸಲ್. ಎಲ್ಲ ಕಡೆಯೂ ಕರೆಯದೇ ಬರುವ ಅತಿಥಿಯೊಬ್ಬನಿದ್ದಾನೆ. ಅದೇ, ಸ್ಪೀಕರಿನಿಂದ ಹೊರಡುವ "ಗುಂಯ್..." ಸದ್ದು.

ಅವನನ್ನು ಓಡಿಸಲು ನಮ್ಮಲ್ಲಿ ಬಾಯಿಂದ ಬಾಯಿಗೆ ಹರಡಿರುವ ಉಪಾಯವೊಂದಿದೆ: "ಪ್ಲಗ್ ಬಿಚ್ಚಿ ಆ ಹಸಿರು-ಹಳದಿ ವೈರ್ ಕಿತ್ತು ಟೇಪ್ ಸುತ್ತಿಬಿಡಿ ಸಾರ್, ಸದ್ದು ಗಪ್‌ಚುಪ್!" ಸದ್ದು ಎಷ್ಟೋ ಸಲ ನಿಜವಾಗಿಯೂ ನಿಲ್ಲುತ್ತದೆ. ಅದಕ್ಕೇ ಈ ಉಪಾಯ ಅಪಾಯಕಾರಿ. ಕೆಲಸ ಮಾಡದ ಸಲಹೆಯನ್ನು ಜನ ತಾವಾಗಿಯೇ ಬಿಟ್ಟುಬಿಡುತ್ತಾರೆ. ಇದು ಕೆಲಸ ಮಾಡುವುದರಿಂದ ಇನ್ನೂ ನಾಲ್ಕು ಜನರಿಗೆ ಹೇಳುತ್ತಾರೆ.

ಮೊದಲು ಈ ಗುಂಯ್ ಎಲ್ಲಿಂದ ಬರುತ್ತದೆ ನೋಡೋಣ. ಸಿಂಗಪುರದ ಕರೆಂಟು ನಮ್ಮೂರಿನಂತೆಯೇ 230 ವೋಲ್ಟ್, 50 ಹರ್ಟ್ಸ್. ನಿಮ್ಮ ಲ್ಯಾಪ್‌ಟಾಪ್ ಒಂದು ಗೋಡೆಯ ಸಾಕೆಟ್ಟಿನಲ್ಲಿ, ಆಂಪ್ಲಿಫೈಯರ್ ಇನ್ನೊಂದು ಗೋಡೆಯಲ್ಲಿ ಎಂದಿಟ್ಟುಕೊಳ್ಳಿ. ಎರಡಕ್ಕೂ ಅರ್ಥ್ ಇದೆ. ಇವುಗಳ ನಡುವೆ ಆಡಿಯೋ ಕೇಬಲ್ ಹಾಕಿದಾಗ, ಕೇಬಲ್ಲಿನ ಹೊರಗಿನ ಜಾಲರಿ ಎರಡೂ ಅರ್ಥ್‌ಗಳನ್ನು ಸೇರಿಸಿ ಬಳೆಯಂತೆ ಒಂದು ಸುತ್ತು ಮಾಡಿಬಿಡುತ್ತದೆ. ಆ ಸುತ್ತಿನಲ್ಲಿ ಹರಿಯುವ ಚೂರುಪಾರು ಕರೆಂಟನ್ನೂ ಆಂಪ್ಲಿಫೈಯರ್ ಹಾಡೆಂದೇ ತಿಳಿದು ದೊಡ್ಡದು ಮಾಡುತ್ತದೆ. ಇದೇ ಗ್ರೌಂಡ್ ಲೂಪ್.

ಬೆಂಗಳೂರಿನ ಇಂಜಿನಿಯರ್ ಹಾಗೂ ಕೊಳಲು ವಾದಕ ಜಿ. ರಾಜ್ ನಾರಾಯಣ್ ಅವರು 1979ರಲ್ಲಿ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ರೂಪಿಸಿದರು. ಅಂದಿನಿಂದ ಸಂಗೀತ ಕಲಿಯುವ ಮನೆಗಳಲ್ಲಿ ಇಂಥ ಪೆಟ್ಟಿಗೆಗಳು ನೆಂಟರಂತೆ ಸೇರಿಕೊಂಡಿವೆ. ಗುಂಯ್ ಸದ್ದಾದರೋ ಯಾರೂ ಕೇಳದ ಎರಡನೇ ಶ್ರುತಿ ಪೆಟ್ಟಿಗೆ! ಐದು ಮನೆ ಶ್ರುತಿಯ ಕೆಳಗಿನ ಷಡ್ಜ 98 ಹರ್ಟ್ಸ್, ಈ ಸದ್ದಿನ ಒಂದು ಅಂಶ 100 ಹರ್ಟ್ಸ್. ಅಂದರೆ ಐದು ಮನೆಯಲ್ಲಿ ಹಾಡುವವರಿಗೂ ಅದು ತುಸು ಏರುಶ್ರುತಿ, ಉಳಿದವರಿಗೆ ಶುದ್ಧ ಅಪಸ್ವರ. ಕಲಿಯುವ ಮಗುವಿನ ಕಿವಿಗೆ ಇದು ಒಳ್ಳೆಯದಲ್ಲ ಎನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಅದಕ್ಕೆ ಅರ್ಥ್ ವೈರ್ ಬಲಿ ಕೊಡಬಾರದು.

ಏಕೆಂದರೆ ಅರ್ಥ್ ಇರುವುದು ಸದ್ದಿಗಾಗಿ ಅಲ್ಲ, ಜೀವಕ್ಕಾಗಿ. ಆಂಪ್ಲಿಫೈಯರಿನ ಒಳಗೆ ವೈರೊಂದು ಸಡಿಲವಾಗಿ ಲೋಹದ ಮೈಗೆ ತಾಗಿದರೆ, ಅರ್ಥ್ ಇದ್ದಾಗ ಭಾರೀ ಕರೆಂಟು ಆ ದಾರಿಯಲ್ಲಿ ಹರಿದು ಫ್ಯೂಸ್ ಹಾರುತ್ತದೆ. ಅರ್ಥ್ ಕಿತ್ತಿದ್ದರೆ ಪೆಟ್ಟಿಗೆ 230 ವೋಲ್ಟ್ ಹೊತ್ತುಕೊಂಡು ಸುಮ್ಮನೆ ಕುಳಿತಿರುತ್ತದೆ, ಯಾರಾದರೂ ಮುಟ್ಟಲಿ ಎಂದು. ಅದಕ್ಕೆ ಜೋಡಿಸಿದ ಮೈಕಿನ ಮೈಗೂ ಅದೇ ಕರೆಂಟು. 1972ರ ಮೇ ತಿಂಗಳಲ್ಲಿ ಬ್ರಿಟನ್ನಿನ ಸ್ವಾನ್ಸೀಯಲ್ಲಿ ಗಿಟಾರ್ ವಾದಕ ಲೆಸ್ ಹಾರ್ವಿ ವೇದಿಕೆಯ ಮೇಲೆಯೇ ತೀರಿಕೊಂಡಿದ್ದು ಸರಿಯಾಗಿ ಅರ್ಥ್ ಆಗಿರದ ಮೈಕ್ ಮುಟ್ಟಿ.

"ನಮ್ಮ ಮನೆಯಲ್ಲಿ ಆರ್‌ಸಿಸಿಬಿ ಇದೆಯಲ್ಲ?" ಎನ್ನುತ್ತೀರಿ. ಇರಲೇಬೇಕು. ಇಲ್ಲಿ 1985ರ ಜುಲೈಯಿಂದ ಹೊಸ ಮನೆಗಳಿಗೆ ಅದು ಕಡ್ಡಾಯ. ಹಳೆಯ ಮನೆಗಳಿಗೂ 2025ರ ಜುಲೈ 1ರ ಗಡುವು ಕೊಟ್ಟಿದ್ದರು. ಟ್ಯಾಂಪಿನೀಸಿನ ಮೊದಮೊದಲ ಬ್ಲಾಕುಗಳು 1985ಕ್ಕಿಂತ ಹಳೆಯವು. ಅಲ್ಲಿ ಬಾಡಿಗೆಗೆ ಇರುವವರು ಮನೆ ಮಾಲೀಕರನ್ನು ಒಮ್ಮೆ ಕೇಳಿ ನೋಡಿ. ಆದರೂ ನೆನಪಿಡಿ: ಅರ್ಥ್ ಇದ್ದರೆ ದೋಷ ಹುಟ್ಟಿದ ಕ್ಷಣವೇ ಆರ್‌ಸಿಸಿಬಿ ಬೀಳುತ್ತದೆ. ಅರ್ಥ್ ಇಲ್ಲದಿದ್ದರೆ, ಕರೆಂಟು ನಿಮ್ಮ ಮೈಯಲ್ಲಿ ಹರಿದ ಮೇಲೆ ಬೀಳುತ್ತದೆ. ಯಾವುದು ಬೇಕು?

ಹಾಗಾದರೆ ಗುಂಯ್ ಹೋಗುವುದು ಹೇಗೆ? ಹತ್ತು ನಿಮಿಷದ ಪತ್ತೇದಾರಿ ಸಾಕು.

ವಾಲ್ಯೂಮ್ ಪೂರ್ತಿ ಇಳಿಸಿ. ಆಗಲೂ ಸದ್ದಿದ್ದರೆ ತೊಂದರೆ ಹೆಚ್ಚಾಗಿ ಆಂಪ್ಲಿಫೈಯರಿನ ಒಳಗೇ ಇದೆ, ರಿಪೇರಿಗೆ ಕೊಡಿ. ಸದ್ದೂ ಇಳಿದರೆ ಅದು ಹೊರಗಿನಿಂದ ಬರುತ್ತಿದೆ. ಈಗ ಸಿಗ್ನಲ್ ಕೇಬಲ್ಲುಗಳನ್ನು ಒಂದೊಂದಾಗಿ ತೆಗೆಯಿರಿ. ಯಾವುದು ತೆಗೆದಾಗ ಮೌನವೋ ಅದೇ ಕಳ್ಳ. ಲ್ಯಾಪ್‌ಟಾಪ್ ಇದ್ದರೆ ಚಾರ್ಜರ್ ತೆಗೆದು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಟಿವಿ ಜೋಡಿಸಿದ್ದರೆ ಆಂಟೆನಾ ವೈರನ್ನೂ ಮರೆಯಬೇಡಿ, ಅದು ಕಟ್ಟಡದ ಬೇರೊಂದು ಅರ್ಥನ್ನು ಹೊತ್ತು ತರಬಹುದು.

ಕಳ್ಳ ಸಿಕ್ಕ ಮೇಲೆ ಮದ್ದು ಸುಲಭ. ಆಡಿಯೋ ಸಲಕರಣೆಗಳನ್ನೆಲ್ಲ ಸೇಫ್ಟಿ ಮಾರ್ಕ್ ಇರುವ ಒಂದೇ ಎಕ್ಸ್‌ಟೆನ್ಷನ್‌ಗೆ ಹಾಕಿ (ಇಸ್ತ್ರಿ ಪೆಟ್ಟಿಗೆ, ಕೆಟಲ್ ಅದಕ್ಕೆ ಬೇಡ). ಸಾಲದಿದ್ದರೆ ಕೇಬಲ್ಲಿನ ನಡುವೆ ಆಡಿಯೋ ಐಸೊಲೇಟರ್ ಎಂಬ ಪುಟ್ಟ ಡಬ್ಬಿ ಹಾಕಿ. ಅದರೊಳಗಿನ ಟ್ರಾನ್ಸ್‌ಫಾರ್ಮರ್ ಹಾಡನ್ನು ದಾಟಿಸಿ ಸುತ್ತನ್ನು ಕಡಿಯುತ್ತದೆ. ಟಿವಿಗೆ ಆಪ್ಟಿಕಲ್ ಕೇಬಲ್ ಇನ್ನೂ ಒಳ್ಳೆಯದು, ಬೆಳಕಿಗೆ ಅರ್ಥಿನ ಹಂಗಿಲ್ಲ. ಸಭಾಂಗಣದಲ್ಲಿ ಡಿಐ ಬಾಕ್ಸ್ ಕೇಳಿ. ಅದರ ಮೇಲಿನ 'ಗ್ರೌಂಡ್ ಲಿಫ್ಟ್' ಸ್ವಿಚ್ ಆಡಿಯೋ ಕೇಬಲ್ಲಿನ ಕೊಂಡಿಯನ್ನಷ್ಟೇ ಬಿಡಿಸುತ್ತದೆ, ಗೋಡೆಯ ಅರ್ಥನ್ನು ಮುಟ್ಟುವುದಿಲ್ಲ.

ಇನ್ನೊಂದು ದುರಭ್ಯಾಸ: ಊರಿನಿಂದ ತಂದ ಎರಡು ಪಿನ್ನಿನ ಪ್ಲಗ್ಗನ್ನು, ಸಾಕೆಟ್ಟಿನ ಮೇಲಿನ ತೂತಿಗೆ ಪೆನ್ನು ಚುಚ್ಚಿ ಒಳಗೆ ತುರುಕುವುದು. ಆ ತೂತೇ ಅರ್ಥ್. ಉದ್ದದ ಅರ್ಥ್ ಪಿನ್ ಒಳಗೆ ಹೋದ ಮೇಲಷ್ಟೇ ಕೆಳಗಿನ ಬಾಗಿಲುಗಳು ತೆರೆಯಲಿ ಎಂದು ಅದನ್ನು ಮಾಡಿದ್ದು ಮಕ್ಕಳ ಬೆರಳು ಕಾಯಲು. ನಾವೇ ಪೆನ್ನು ಚುಚ್ಚುವುದನ್ನು ಮಗು ನೋಡುತ್ತಿರುತ್ತದೆ. ನಾಳೆ ಅದರ ಕೈಯಲ್ಲಿ ಏನಿರುತ್ತದೋ! ಸರಿಯಾದ ಅಡಾಪ್ಟರ್ ಕೊಳ್ಳೋಣ.

ನಮ್ಮೂರಿನ ಮನೆಗಳಲ್ಲಿ ಇದ್ದಿಲು, ಉಪ್ಪು ತುಂಬಿದ ಅರ್ಥಿಂಗ್ ಗುಂಡಿಗೆ ಬೇಸಿಗೆಯಲ್ಲಿ ನೀರು ಹಾಕುವ ಹಿರಿಯರಿದ್ದರು. ಅದು ಕಣ್ಣಿಗೆ ಕಾಣುತ್ತಿತ್ತು, ಹಾಗಾಗಿ ನೆನಪಿರುತ್ತಿತ್ತು. ಹತ್ತನೇ ಮಹಡಿಯ ಫ್ಲಾಟಿನಲ್ಲಿ ಗುಂಡಿ ಕಾಣುವುದಿಲ್ಲ, ಕಾಣುವುದು ಆ ಹಸಿರು-ಹಳದಿ ವೈರ್ ಮಾತ್ರ. ಅದನ್ನು ಜೋಪಾನ ಮಾಡೋಣ.

ಕೊನೆಗೊಂದು ಸಲಹೆ. ಸಂಘದ ಪ್ರತಿ ಕಾರ್ಯಕ್ರಮಕ್ಕೂ ಧ್ವನಿ ವ್ಯವಸ್ಥೆಗೆಂದೇ ಒಬ್ಬ ಸ್ವಯಂಸೇವಕರಿರಲಿ. ಅವರ ಚೀಲದಲ್ಲಿ ಎರಡು ಐಸೊಲೇಟರ್, ಒಂದು ಒಳ್ಳೆಯ ಎಕ್ಸ್‌ಟೆನ್ಷನ್ ಇರಲಿ. ಮೈಕ್ ಹಿಡಿದು ನಿಲ್ಲುವವರು ನಮ್ಮ ಮಕ್ಕಳೇ ಅಲ್ಲವೇ? ಗುಂಯ್ ಸದ್ದನ್ನು ಒಂದು ಸಂಜೆ ಸಹಿಸಿಕೊಳ್ಳಬಹುದು, ಅರ್ಥ್ ಇಲ್ಲದ ಮೈಕನ್ನು ಒಂದು ಕ್ಷಣವೂ ಮಕ್ಕಳ ಕೈಗೆ ಕೊಡಬಾರದು.

ಏನಂತೀರಿ?