ಸಂಗಮದ ಕರಿ ಮರಳು

ನಂಜನಗೂಡಿನ ನಮ್ಮನೆಗೆ ಯಾರೇ ಬಂದ್ರೂ ಅಮ್ಮ ಪರಿಚಯ ಮಾಡ್ಕೊಡೋದು ಹೀಗೆ: "ಇವನು ಬೆಂಗಳೂರಲ್ಲಿ ಸಾಫ್ಟ್‌ವೇರು. ಇವಳು ಅದೇನೋ ಪುಡಿ ಅಳೀತಾಳೆ."

ಇವಳು ಅಂದ್ರೆ ನನ್ನ ತಂಗಿ. ಪಿಎಚ್‌ಡಿ ನಾಲ್ಕನೇ ವರ್ಷ. ಐದು ತಿಂಗಳಿಂದ ಫೆಲೋಶಿಪ್ ಬಂದಿಲ್ಲ. "ಇದನ್ನ ಬಿಟ್ಟು ಕೋಡಿಂಗ್ ಕಲಿ, ನಮ್ಮ ಕಂಪನೀಲಿ ರೆಫರ್ ಮಾಡ್ತೀನಿ" ಅಂತ ಹೇಳೋಕೇ ಕಳೆದ ಭಾನುವಾರ ಅವಳನ್ನ ಬೈಕಲ್ಲಿ ತಿ. ನರಸೀಪುರಕ್ಕೆ ಕರ್ಕೊಂಡು ಹೋದೆ.

ಕಾವೇರಿ, ಕಪಿಲೆ ಸೇರೋ ಜಾಗದಲ್ಲಿ ಕೂತ್ವಿ. ನಾನು ಬಾಯಿ ಬಿಡೋ ಮೊದ್ಲೇ ಅವಳು ಮರಳಿನ ಕಡೆ ಕೈ ತೋರಿಸಿದಳು. "ನೆನಪಿದ್ಯಾ ಅಣ್ಣ?"

ಚಿಕ್ಕವರಿದ್ದಾಗ ಹಳೇ ರೇಡಿಯೋ ಸ್ಪೀಕರ್ ಒಡೆದು, ಅದರ ಅಯಸ್ಕಾಂತನ ಇಲ್ಲೇ ಮರಳಲ್ಲಿ ಎಳೀತಿದ್ವಿ. ಕಪ್ಪು ಪುಡಿ ಮೀಸೆ ಥರ ಅಂಟ್ಕೊಳ್ತಿತ್ತು. ಅದು ಹೆಚ್ಚಾಗಿ ಮ್ಯಾಗ್ನೆಟೈಟ್, ಅಂದ್ರೆ ಕಬ್ಬಿಣದ ಆಕ್ಸೈಡ್. ಸ್ಪೀಕರಿನ ಅಯಸ್ಕಾಂತವೂ ಕಬ್ಬಿಣದ ಆಕ್ಸೈಡಿನಿಂದಲೇ ಮಾಡಿದ ಫೆರೈಟ್.

ತಂಗಿ ಅಳೆಯೋ ಪುಡಿಯೂ ಅದೇ ವಂಶದ್ದು. ಮೊಬೈಲ್ ಟವರಿನ ಉಪಕರಣದಲ್ಲಿ ಸಿಗ್ನಲ್ಲು ಬಂದ ದಾರೀಲೇ ವಾಪಸ್ ನುಗ್ಗದ ಹಾಗೆ ಕಾಯೋ ಸರ್ಕ್ಯುಲೇಟರ್ ಒಳಗೂ ಫೆರೈಟ್ ಇರುತ್ತೆ. ಆದ್ರೆ ಅದು ಪಿಂಗಾಣಿ ಥರ ಗಡಸು, ಸುಲಭಕ್ಕೆ ಬಗ್ಗೋದಿಲ್ಲ. ಅದನ್ನೇ ನ್ಯಾನೋ ಕಣಗಳಾಗಿ ತಯಾರಿಸಿ (ಒಂದು ಮಿಲಿಮೀಟರಲ್ಲಿ 10 ಲಕ್ಷ ನ್ಯಾನೋಮೀಟರ್!) ಎಪಾಕ್ಸಿಯಲ್ಲಿ ಬೆರೆಸಿದ್ರೆ ಬೇಕಾದ ಆಕಾರಕ್ಕೆ ಅಚ್ಚು ಹಾಕಬಹುದು, ಆಂಟೆನಾನೂ ಚಿಕ್ಕದು ಮಾಡಬಹುದು.

ಅದಕ್ಕೆ ಮೊದಲು ಅಳೀಬೇಕು. ಮಿಶ್ರಣವನ್ನ ಉಂಗುರ ಮಾಡಿ, ಕೊಳವೆಯಂಥ ಹೋಲ್ಡರಲ್ಲಿ ಕೂರಿಸಿ, ವೆಕ್ಟರ್ ನೆಟ್‌ವರ್ಕ್ ಅನಲೈಸರ್‌ಗೆ ಜೋಡಿಸ್ತಾರೆ. ಕಳಿಸಿದ ಸಿಗ್ನಲ್ಲಲ್ಲಿ ಎಷ್ಟು ವಾಪಸ್ ಬಂತು, ಎಷ್ಟು ಆಚೆ ದಾಟಿತು ಅನ್ನೋದರಿಂದ ಪದಾರ್ಥದ ವಿದ್ಯುತ್ ಗುಣ, ಕಾಂತ ಗುಣ ಎರಡೂ ಲೆಕ್ಕಕ್ಕೆ ಸಿಗುತ್ತೆ.

"ಎಂಟು ತಿಂಗಳ ರೀಡಿಂಗ್ ಹೋದ ವಾರ ಕಸಕ್ಕೆ ಹಾಕ್ದೆ" ಅಂದಳು. ಉಂಗುರಕ್ಕೂ ಹೋಲ್ಡರಿಗೂ ನಡುವೆ ಕೂದಲೆಳೆಯಷ್ಟು ಸಂದು. ಅಷ್ಟು ಗಾಳಿ ಸಾಕು, ಲೆಕ್ಕ ತಪ್ಪೋಕೆ.

"ಯಾರಿಗೂ ಗೊತ್ತಾಗ್ತಿರ್ಲಿಲ್ವಲ್ಲೇ?"

"ನಂಗೆ ಗೊತ್ತಿತ್ತಲ್ಲ ಅಣ್ಣ."

ಹಿಂದಿನ ಶುಕ್ರವಾರವಷ್ಟೇ, ಫೇಲ್ ಆಗ್ತಿದ್ದ ಒಂದು ಟೆಸ್ಟನ್ನ ಕಾಮೆಂಟ್ ಮಾಡಿ ರಿಲೀಸಿಗೆ ಕಳಿಸಿ ಮನೆಗೆ ಬಂದಿದ್ದೆ ನಾನು. ರೆಫರಲ್ ಮಾತು ಗಂಟಲಲ್ಲೇ ಉಳೀತು.

ವಾಪಸ್ ಬಂದಾಗ ಅಮ್ಮ ಮೆಲ್ಲಗೆ ಕೇಳಿದ್ರು, "ಹೇಳ್ದೇನೋ?"

"ಅವಳ ಅಳತೆ ಇನ್ನೂ ಮುಗಿದಿಲ್ಲಮ್ಮ."

ರಾತ್ರಿ ಅವಳ ಖಾತೆಗೆ ಮೂರು ತಿಂಗಳ ಹಾಸ್ಟೆಲ್ ಖರ್ಚು ಹಾಕ್ದೆ. ತಕ್ಷಣ ಮೆಸೇಜ್ ಬಂತು: "ಸಾಲ ಅಂತ ಬರ್ಕೊಂಡಿದೀನಿ." ಸೋಮವಾರ ಆಫೀಸಿಗೆ ಹೋಗಿ ಮೊದಲು ಆ ಟೆಸ್ಟ್ ತೆರೆದೆ.