ಕರಿಯ ಪೆನ್ನಿಯ ಮರೆಯಲ್ಲಿರುವ ಕೆಂಪು ಪೆನ್ನಿ

ಹಳೆಯ ಅಂಚೆಚೀಟಿ ಕೂಡಿಸುವ ಹುಚ್ಚು ಹತ್ತಿದವರು ಮೊದಲು ವಿಚಾರಿಸುವುದು ಪೆನ್ನಿ ಬ್ಲ್ಯಾಕ್ ಬಗ್ಗೆ. ಬ್ರಿಟನ್ನಿನಲ್ಲಿ 1840ರ ಮೇ ತಿಂಗಳಲ್ಲಿ ಬಳಕೆಗೆ ಬಂದ, ಜಗತ್ತಿನ ಮೊದಲ ಅಂಚೆಚೀಟಿ ಅದು. ಅದು ತೀರಾ ಅಪರೂಪದ್ದು ಎಂಬ ನಂಬಿಕೆ ಮಾತ್ರ ಸರಿಯಲ್ಲ. ಅಚ್ಚಾದದ್ದು ಸುಮಾರು 6.8 ಕೋಟಿ. ಆಗ ಲಕೋಟೆ ಬಳಸುವವರು ಕಡಿಮೆ. ಬರೆದ ಹಾಳೆಯನ್ನೇ ಮಡಿಸಿ, ಅರಗು ಹಾಕಿ ಮುಚ್ಚಿ, ಹೊರಮೈಗೆ ವಿಳಾಸ ಬರೆದು ಕಳಿಸುತ್ತಿದ್ದರು. ಹಾಗಾಗಿ ವಕೀಲರ ಕಚೇರಿಯಲ್ಲೋ ವ್ಯಾಪಾರಿಯ ಕಡತದಲ್ಲೋ ಪತ್ರ ಉಳಿದಲ್ಲೆಲ್ಲ ಅದರ ಮೈಗಂಟಿದ ಚೀಟಿಯೂ ಉಳಿಯಿತು. ಬೆಲೆ ಏರಿರುವುದು ಹೆಸರಿನ ಬಲದಿಂದ. ಎಲ್ಲರಿಗೂ ಒಂದಾದರೂ ಬೇಕು.

ಹೊಸಬರು ಆ ಒಂದಕ್ಕೆ ದುಡ್ಡು ಸುರಿಯುವ ಬದಲು ಅದರ ತಂಗಿ ಪೆನ್ನಿ ರೆಡ್ಡನ್ನು ಹಿಡಿಯುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಚಿತ್ರ ಅದೇ, ರಾಣಿ ಅದೇ, ಬೆಲೆಯೂ ಅದೇ ಒಂದು ಪೆನ್ನಿ. ಬಣ್ಣ ಬದಲಾದದ್ದಕ್ಕೆ ಕಾರಣ ಜನರ ಜಾಣತನ. ಕಪ್ಪು ಚೀಟಿಯ ಮೇಲೆ ಅಂಚೆಯವರು ಕೆಂಪು ಶಾಯಿಯಲ್ಲಿ ಮಾಲ್ಟೀಸ್ ಶಿಲುಬೆಯ ಮೊಹರು ಒತ್ತುತ್ತಿದ್ದರು. ಆ ಕೆಂಪನ್ನು ಒರೆಸಿ ತೆಗೆದು ಅದೇ ಚೀಟಿಯನ್ನು ಮತ್ತೆ ಅಂಟಿಸುವುದು ಕಷ್ಟವಾಗಲಿಲ್ಲ. 1841ರ ಆರಂಭದಲ್ಲಿ ಇಲಾಖೆ ಲೆಕ್ಕ ತಿರುಗಿಸಿತು: ಚೀಟಿ ಕೆಂಗಂದು, ಮೊಹರು ಕಪ್ಪು. ಈ ಕೆಂಪು ಚೀಟಿ ಸಣ್ಣಪುಟ್ಟ ಬದಲಾವಣೆಗಳೊಂದಿಗೆ 1879ರವರೆಗೂ ನಡೆಯಿತು. ನೂರಾರು ಕೋಟಿ ಅಚ್ಚಾದ್ದರಿಂದ ಸಾಧಾರಣ ಪ್ರತಿಗಳು ಇಂದಿಗೂ ಅಗ್ಗ. ಚೀಟಿಯ ಮೇಲಿನ ವಿಕ್ಟೋರಿಯಾಗೆ ಅಷ್ಟೂ ವರ್ಷ ವಯಸ್ಸೇ ಆಗಲಿಲ್ಲ. ವಿಲಿಯಂ ವಯನ್ ಪದಕಕ್ಕಾಗಿ ಕೆತ್ತಿದ ಹದಿಹರೆಯದ ಮುಖವೇ, ಆಕೆಗೆ ಅರವತ್ತು ತುಂಬಿದಾಗಲೂ, ಪತ್ರಗಳ ಮೂಲೆಯಲ್ಲಿ ಕೂತಿತ್ತು. ದೇಶದ ಹೆಸರು ಆಗಲೂ ಇರಲಿಲ್ಲ. ಬ್ರಿಟನ್ನಿನ ಚೀಟಿಗಳಲ್ಲಿ ಇವತ್ತಿಗೂ ಇಲ್ಲ.

ಇನ್ನು ಅಸಲು ವಿಷಯ. ಒಂದು ಪೆನ್ನಿ ರೆಡ್ಡನ್ನು ಭೂತಗನ್ನಡಿಯ ಕೆಳಗಿಡಿ. ಕೆಳಗಿನ ಎರಡು ಮೂಲೆಗಳಲ್ಲಿ ಒಂದೊಂದು ಇಂಗ್ಲಿಷ್ ಅಕ್ಷರವಿದೆ. ಎಡಕ್ಕೆ ಜೆ, ಬಲಕ್ಕೆ ಸಿ ಇದೆ ಅನ್ನೋಣ. ಎಡದ ಅಕ್ಷರ ಸಾಲನ್ನೂ ಬಲದ ಅಕ್ಷರ ಆ ಸಾಲಿನಲ್ಲಿ ಎಷ್ಟನೆಯದೆಂಬುದನ್ನೂ ಹೇಳುತ್ತದೆ. ಅಂದರೆ ಇದು ಹಾಳೆಯ ಹತ್ತನೆಯ ಸಾಲಿನ ಮೂರನೆಯ ಚೀಟಿ. ಒಂದು ಸಾಲಿಗೆ ಹನ್ನೆರಡು, ಅಂಥ ಇಪ್ಪತ್ತು ಸಾಲು, ಒಟ್ಟು 240. ಹನ್ನೆರಡು ಪೆನ್ನಿಗೆ ಒಂದು ಶಿಲ್ಲಿಂಗ್, 240 ಪೆನ್ನಿಗೆ ಒಂದು ಪೌಂಡ್ ಇದ್ದ ಕಾಲ ಅದು. ಸಾಲು ಕತ್ತರಿಸಿದರೆ ಶಿಲ್ಲಿಂಗ್, ಇಡೀ ಹಾಳೆ ಕೊಟ್ಟರೆ ಪೌಂಡ್. ಗುಮಾಸ್ತ ಎಣಿಸಬೇಕಾಗಿಯೇ ಇರಲಿಲ್ಲ.

ಅಕ್ಷರಗಳನ್ನು ಇಟ್ಟದ್ದು ಖೋಟಾ ಮಾಡುವವರಿಗೆ ಹೆದರಿ. ಒಂದೇ ಚೀಟಿಯನ್ನು ನಕಲು ಮಾಡಿ ಸಾವಿರಗಟ್ಟಲೆ ಅಚ್ಚು ಹಾಕಿದರೆ ಎಲ್ಲದರಲ್ಲೂ ಅದೇ ಎರಡಕ್ಷರ ಬಂದು ಕಳ್ಳತನ ಬಯಲಾಗುತ್ತದೆ ಎಂಬ ಲೆಕ್ಕಾಚಾರ. ಕಳ್ಳರಿಗೆ ಇದು ಎಷ್ಟು ತಡೆಯಾಯಿತೋ, ಸಂಗ್ರಾಹಕರಿಗಂತೂ ವರವಾಯಿತು. ಏಕೆಂದರೆ ರಾಣಿಯ ಚಿತ್ರ ಯಂತ್ರದಿಂದ ಮುದ್ರಣ ಫಲಕಕ್ಕೆ ಇಳಿದರೂ ಈ ಅಕ್ಷರಗಳನ್ನು ಕೆಲಸಗಾರನೊಬ್ಬ ಅಚ್ಚುಮೊಳೆ ಹಿಡಿದು ಒಂದೊಂದಾಗಿ ಕೈಯಿಂದಲೇ ಒತ್ತುತ್ತಿದ್ದ. ಒಂದು ಫಲಕದಲ್ಲಿ ಜೆ ಚೌಕದ ಎಡಗೋಡೆಗೆ ತಾಗಿದ್ದರೆ ಇನ್ನೊಂದರಲ್ಲಿ ಮೇಲಕ್ಕೆ ಹೋಗಿದೆ, ಮತ್ತೊಂದರಲ್ಲಿ ವಾಲಿದೆ. ಆ ಸ್ಥಾನವನ್ನು ಗುರುತಿಸಿ, ಯಾವ ಫಲಕದಿಂದ ಬಂದ ಚೀಟಿ ಎಂದು ಪತ್ತೆ ಹಚ್ಚುವುದಕ್ಕೆ ಪ್ಲೇಟಿಂಗ್ ಎನ್ನುತ್ತಾರೆ. ಎಪ್ಪತ್ತೇಳನೆಯ ಫಲಕದಲ್ಲಿ ಕೆಲಸಗಾರ ಎರಡನೆಯ ಸಾಲಿನ ಮೊದಲ ಚೀಟಿಗೆ ಬಿ ಒತ್ತಿ, ಪಕ್ಕದ ಎ ಮರೆತೇಬಿಟ್ಟ. ಬಲ ಚೌಕ ಖಾಲಿಯಿರುವ ಆ ಚೀಟಿಗೆ ಇವತ್ತು ದೊಡ್ಡ ಬೆಲೆ.

ಮೊದಮೊದಲ ಚೀಟಿಗಳಿಗೆ ತೂತಿನ ಅಂಚಿಲ್ಲ, ಕತ್ತರಿಯಿಂದ ಕತ್ತರಿಸಿದ್ದು. ಆದ್ದರಿಂದ ನಾಲ್ಕೂ ಕಡೆ ಬಿಳಿ ಅಂಚು ಉಳಿದಿದೆಯೇ ಎಂಬುದರ ಮೇಲೆ ಬೆಲೆ ನಿಲ್ಲುತ್ತದೆ. ಒಂದು ಬದಿ ಚಿತ್ರಕ್ಕೇ ಕತ್ತರಿ ತಾಗಿದ್ದರೆ ಬೆಲೆ ಕುಸಿಯಿತು. ತೂತಿನ ಅಂಚು ಅಧಿಕೃತವಾಗಿ ಬಂದದ್ದು 1854ರಲ್ಲಿ. ಹಿಂಬದಿಯಲ್ಲಿ ನೀಲಿ ಛಾಯೆ ಕಂಡರೆ ಒದ್ದೆಯಾಗಿ ಕೆಟ್ಟಿದೆಯೆಂದು ಬಿಡಬೇಡಿ. ಶಾಯಿಯಲ್ಲಿದ್ದ ರಾಸಾಯನಿಕದಿಂದ ಕಾಗದ ನೀಲಿಗೆ ತಿರುಗಿದೆ, ಅಷ್ಟೇ. ರಾಣಿಯ ತಲೆಯ ಭಾಗ ಮಾತ್ರ ಬಿಳಿಯಾಗಿ ಉಳಿದು ಹಿಂಬದಿಯಲ್ಲಿ ಮೂಡಿ ಕಾಣುವ ಪ್ರತಿಗಳನ್ನು ಹುಡುಕುವವರೇ ಬೇರೆ ಇದ್ದಾರೆ.

ಪ್ಲೇಟಿಂಗಿನ ತಲೆನೋವು ಬೇಡ ಎನ್ನುವವರಿಗೆ ಸುಲಭದ ದಾರಿ 1864ರಿಂದ ಬಳಕೆಗೆ ಬಂದ ಚೀಟಿಗಳು. ಎರಡು ಚೀಟಿಗಳ ಮೊಹರಿಲ್ಲದ ತುಂಡುಗಳನ್ನು ಜೋಡಿಸಿ ವಂಚಿಸುವವರನ್ನು ತಡೆಯಲು ಆಗ ನಾಲ್ಕೂ ಮೂಲೆಗೆ ಅಕ್ಷರ ಬಂತು. ಜೊತೆಗೆ ಫಲಕದ ಸಂಖ್ಯೆಯೂ ಎಡ ಬಲದ ಬಳ್ಳಿಯ ವಿನ್ಯಾಸದಲ್ಲಿ ಸಣ್ಣದಾಗಿ ಸೇರಿತು. ಸಂಖ್ಯೆಗಳು 71ರಿಂದ 225ರವರೆಗೆ. ನಡುವೆ 75, 77, 126, 128 ಸರಿಯಾಗಿ ಬರಲಿಲ್ಲವೆಂದು ಕೈಬಿಟ್ಟದ್ದರಿಂದ ಕೂಡಿಸಬೇಕಾದದ್ದು 151. ಹೆಚ್ಚಿನವು ಸುಲಭಕ್ಕೆ ಸಿಗುತ್ತವೆ, ಕೊನೆಯ 225 ಸ್ವಲ್ಪ ಕಾಡಿಸುತ್ತದೆ.

ಕೈಬಿಟ್ಟ ಈ 77ರ (ಎ ಮರೆತ ಆ ಹಳೆಯ ಎಪ್ಪತ್ತೇಳಲ್ಲ) ಚೀಟಿಗಳು ಬೆರಳೆಣಿಕೆಯಷ್ಟು ಹೇಗೋ ಹೊರಗೆ ಬಂದವು, ಈಗ ಅವು ಈ ಮನೆತನದಲ್ಲೇ ಅತಿ ದುಬಾರಿ. ಹಾಗಾಗಿ ಯಾರಾದರೂ 77 ಸಿಕ್ಕಿದೆ ಎಂದು ತಂದರೆ ಮೊದಲು ಸಂಖ್ಯೆಯ ಎಡಕ್ಕೆ ಏನಾದರೂ ಕೆರೆದ ಗುರುತಿದೆಯೇ ನೋಡಿ: 177ರ ಒಂದನ್ನು ಅಳಿಸುವುದು ಹಳೆಯ ವಿದ್ಯೆ. ತಜ್ಞರ ಪ್ರಮಾಣಪತ್ರವಿಲ್ಲದ 77ಕ್ಕೆ 177ರ ಬೆಲೆಯನ್ನೂ ಕೊಡಬೇಡಿ, ಏಕೆಂದರೆ ಕೆರೆದ ಮೇಲೆ ಅದು ಅದೂ ಅಲ್ಲ.