ಒಂದನೇ ಕ್ಲಾಸಿನ ಹೊಟ್ಟೆನೋವು

ಜೂನ್ ತಿಂಗಳ ಮೊದಲ ಹದಿನೈದು ದಿನ ಮೈಸೂರು ಜಿಲ್ಲೆಯ ಯಾವ ಶಾಲೆಯ ಗೇಟಿನ ಮುಂದೆ ನಿಂತರೂ ಅದೇ ಗೋಳು. ತಾಯಿ ಎಳೆಯುತ್ತಾಳೆ, ಮಗು ಗೇಟಿನ ಕಂಬಿ ಹಿಡಿಯುತ್ತದೆ. "ಎರಡು ದಿನ ಅತ್ತು ಸುಮ್ನಾಗ್ತಾನೆ, ನೀವು ಹೋಗಿ ತಾಯಿ" ಅಂತ ಮೇಷ್ಟ್ರ ಅಭಯ.

ಬಹಳಷ್ಟು ಮಕ್ಕಳ ಮಟ್ಟಿಗೆ ಈ ಮಾತು ನಿಜ. ತಕರಾರಿರುವುದು ಉಳಿದ ಮಕ್ಕಳದ್ದು. ಜುಲೈ ಕಳೆದರೂ ಅಳುವುದು, ದಿನಾ ಲೆಕ್ಕದ ಹೊತ್ತಿಗೆ ಹೊಟ್ಟೆನೋವು ಅನ್ನುವುದು, ಚಡ್ಡಿ ಒದ್ದೆ ಮಾಡಿಕೊಳ್ಳುವುದು, ಪಕ್ಕದವನನ್ನು ಕಚ್ಚುವುದು. ಇವಕ್ಕೆಲ್ಲ ಸ್ಟಾಫ್ ರೂಮಿನಲ್ಲಿ ಒಂದೊಂದು ಬಿರುದಿದೆ: ಹಠಮಾರಿ, ಕಳ್ಳನೆಪ, ಗಲೀಜು, ಪೋಕರಿ. ಆರು ವರ್ಷದ ಕೂಸಿಗೆ "ನನಗೆ ಇಲ್ಲಿ ಹೆದರಿಕೆ ಆಗ್ತಿದೆ" ಅಂತ ಬಿಡಿಸಿ ಹೇಳಲು ಬರುವುದಿಲ್ಲ ಸ್ವಾಮಿ. ಅದರ ಪರವಾಗಿ ಹೊಟ್ಟೆ ಮಾತಾಡುತ್ತದೆ. ಆ ನೋವು ಸುಳ್ಳಲ್ಲ. ಹೆದರಿದಾಗ ಹೊಟ್ಟೆ ಕಿವುಚುವುದು ದೊಡ್ಡವರಿಗೂ ಗೊತ್ತು.

ಮೇಷ್ಟ್ರುಗಳು ಹೆಚ್ಚು ಮೋಸ ಹೋಗುವುದು ಸುಮ್ಮನಿರುವ ಮಗುವಿನ ವಿಷಯದಲ್ಲಿ. "ಬಂಗಾರದಂಥ ಮಗು, ಉಸಿರೇ ಎತ್ತಲ್ಲ" ಅಂತ ಹೊಗಳುತ್ತಾರೆ. ಊಟ ಬಿಟ್ಟು, ಆಟ ಬಿಟ್ಟು ಮೂಲೆ ಹಿಡಿದ ಆ ಬಂಗಾರದ ಮಗು ಕಿರುಚಾಡುವ ಮಗುವಿಗಿಂತ ಹೆಚ್ಚು ಸಂಕಟದಲ್ಲಿರಬಹುದು.

ಹೆಗ್ಗಡದೇವನಕೋಟೆ ಕಡೆಯ ಆಶ್ರಮ ಶಾಲೆಗಳನ್ನು ನೆನೆಯಿರಿ. ಹಾಡಿಯಿಂದ ಬಂದ ಜೇನುಕುರುಬರ ಮಗುವಿಗೆ ಹಗಲೂ ಅಮ್ಮನಿಲ್ಲ, ರಾತ್ರಿಯೂ ಇಲ್ಲ. ಮನೆಮಾತು ಒಂದು, ಪುಸ್ತಕದ ಕನ್ನಡ ಇನ್ನೊಂದು. ಒಂದಕ್ಕೆ ಹೋಗಬೇಕು ಅನ್ನುವುದನ್ನು ಅದು ಯಾವ ಮಾತಿನಲ್ಲಿ ಕೇಳಬೇಕು? ತಡೆಯಲಾರದೆ ಹಾಡಿಯ ದಾರಿ ಹಿಡಿದರೆ "ಇವಕ್ಕೆ ಓದು ಹತ್ತಲ್ಲ" ಅಂತ ಷರಾ ಬೀಳುತ್ತದೆ. ವಿಚಿತ್ರ ಏನೆಂದರೆ, 1995ರಲ್ಲಿ ನಲಿಕಲಿ ಶುರುವಾಗಿದ್ದು ಇದೇ ತಾಲ್ಲೂಕಿನಲ್ಲಿ. ನಾಲ್ಕು ದಿನ ತಪ್ಪಿಸಿಕೊಂಡ ಮಗುವೂ ತಾನು ಬಿಟ್ಟ ಮೆಟ್ಟಿಲಿನಿಂದಲೇ ಮುಂದುವರಿಯಲಿ ಅಂತ ಯೋಚಿಸಿ ಮಾಡಿದ ಪದ್ಧತಿ ಅದು.

ಮಾಡಬೇಕಾದ್ದು ಬ್ರಹ್ಮವಿದ್ಯೆಯಲ್ಲ. ತಾಯಿ ಕದ್ದು ಹೋಗಬಾರದು, ಹೇಳಿಯೇ ಹೋಗಬೇಕು. ಕದ್ದು ಹೋದರೆ ಮಗು ಮರುದಿನ ಇನ್ನೂ ಬಿಗಿಯಾಗಿ ಸೆರಗು ಹಿಡಿಯುತ್ತದೆ. ಮೇಷ್ಟ್ರು ಮಗುವಿನ ಎತ್ತರಕ್ಕೆ ಕೂತು, "ಅಮ್ಮನ ನೆನಪಾಯ್ತಾ? ಊಟ ಆಗಿ, ಆಟ ಆಗಿ, ಆಮೇಲೆ ಅಮ್ಮ ಬರ್ತಾಳೆ" ಅನ್ನಬೇಕು. ಗಡಿಯಾರ ನೋಡಲು ಬಾರದ ಮಗುವಿಗೆ ಊಟ, ಆಟಗಳೇ ಗಡಿಯಾರ. ಚಡ್ಡಿ ಒದ್ದೆಯಾದರೆ ಕ್ಲಾಸಿಗೆಲ್ಲ ಕೇಳುವಂತೆ ಕೂಗುವುದು ಬೇಡ. ಮನೆಯಲ್ಲಿ ಏನಾಗಿದೆ ಅಂತ ವಿಚಾರಿಸಲಿ: ಅಜ್ಜಿ ತೀರಿಕೊಂಡಿರಬಹುದು, ಅಪ್ಪ ಕುಡಿದು ಬರುತ್ತಿರಬಹುದು, ತಂಗಿ ಹುಟ್ಟಿರಬಹುದು. ಜ್ವರ, ವಾಂತಿ ಇದ್ದರೆ ಡಾಕ್ಟರ ಬಳಿಗೆ ಕಳಿಸಬೇಕು. ಮೈಮೇಲೆ ಬಾಸುಂಡೆ ಕಂಡರೆ, ಮಗು ಒಬ್ಬರೇ ವ್ಯಕ್ತಿಯನ್ನು ಕಂಡು ನಡುಗಿದರೆ, 1098ಕ್ಕೆ ಫೋನು ಮಾಡಬೇಕು.

2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಹೊಡೆತವನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿತು, ಸರಿ. ಬೆತ್ತ ಕೆಳಗಿಟ್ಟ ಕೈಗೆ ಬದಲಿ ಏನು ಕೊಟ್ಟರು? ಮೇಷ್ಟ್ರನ್ನೇ ಬೈದರೆ ಅನ್ಯಾಯ. ಒಂದು, ಎರಡು, ಮೂರನೇ ಕ್ಲಾಸು ಒಂದೇ ಕೋಣೆಯಲ್ಲಿ, ಜೊತೆಗೆ ಮೊಟ್ಟೆ ಲೆಕ್ಕ, ಮೊಬೈಲಿನಲ್ಲಿ ಹಾಜರಿ. 2025ರಲ್ಲಂತೂ ಸಮೀಕ್ಷೆಗೆ ಮನೆಮನೆ ಸುತ್ತಿಸಲು ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಎಳೆದರು. ಮನೆಗಳ ಲೆಕ್ಕ ಹಾಕಿದ ಅದೇ ಮೇಷ್ಟ್ರಿಗೆ ತನ್ನ ಕ್ಲಾಸಿನ ಒಂದು ಮಗುವಿನ ಮನೆಗೆ ಹೋಗಿಬರಲು ಪುರುಸೊತ್ತು ಎಲ್ಲಿದೆ?

ಕ್ಲಸ್ಟರ್ ಸಮಾಲೋಚನಾ ಸಭೆಗಳು ನಡೆದೇ ನಡೆಯುತ್ತವೆ. ಅದರಲ್ಲಿ ಒಂದು ಗಂಟೆಯನ್ನು ಅಳುವ ಮಕ್ಕಳಿಗೆ ಅಂತ ತೆಗೆದಿಡಲು ಡಿಡಿಪಿಐ ಸಾಹೇಬರಿಗೆ ಬೆಂಗಳೂರಿನ ಆದೇಶವೇನೂ ಬೇಕಿಲ್ಲ. ಶಾಲೆ ಶುರುವಾಗುವ ಮುಂಚೆ ಇಡುತ್ತಾರೋ, ದಸರಾ ಕಳೆದ ಮೇಲೋ?